ಮರಳು ಸುರಿಯುವ ಮೊದಲು ದಂಡೆ ಅಳೆಯಿರಿ: ಉತ್ತರ ಕನ್ನಡದ ಕಡಲ ಕೊರೆತಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಜುಲೈನಲ್ಲಿ ತೆಗೆದ ಒಂದು ಫೋಟೊ, ಏಪ್ರಿಲ್‌ನಲ್ಲಿ ತೆಗೆದ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಅಂಟಿಸಿ ‘ನಮ್ಮ ದಂಡೆ ಮೂವತ್ತು ಮೀಟರ್ ಹೋಯಿತು’ ಎಂದು ಮನವಿ ಬರೆಯುತ್ತಾರೆ. ಮಾಜಾಳಿಯಿಂದ ಭಟ್ಕಳದವರೆಗೆ ಇಂಥ ಮನವಿಗಳನ್ನು ಎಷ್ಟೋ ನೋಡಿದ್ದೇನೆ. ಸ್ಥಳಕ್ಕೆ ಬಂದ ಎಂಜಿನಿಯರ್ ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ: ಎಲ್ಲಿಂದ ಅಳೆದಿರಿ, ಆಗ ನೀರು ಎಷ್ಟಿತ್ತು? ಇಪ್ಪತ್ತಕ್ಕೆ ಒಂದರಂತೆ ಇಳಿಯುವ ದಂಡೆಯಲ್ಲಿ ಕಡಲು 1.5 ಮೀಟರ್ ಇಳಿದರೆ ಸಾಕು, ನೀರಂಚು 30 ಮೀಟರ್ ಆಚೆ ಸರಿಯುತ್ತದೆ. ಒಂದು ಹಿಡಿ ಮರಳೂ ಹೋಗದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಇಷ್ಟು ವ್ಯತ್ಯಾಸ ಕಾಣಬಹುದು.

ಲೆಕ್ಕವಿಲ್ಲದ ಕಡೆ ಎರಡರಲ್ಲಿ ಒಂದಾಗುತ್ತದೆ. ಏನೂ ನಡೆಯುವುದಿಲ್ಲ, ಇಲ್ಲವೇ ತುರ್ತಿಗೆಂದು ಕಲ್ಲು ಬಂದು ಬೀಳುತ್ತದೆ. ಮರಳು ತುಂಬಿಸಿ ದಂಡೆ ಉಳಿಸಿಕೊಳ್ಳಬಹುದಾದ ಜಾಗದಲ್ಲೂ ಕಲ್ಲೇ ಬೀಳುವುದನ್ನು ಕಂಡು ಸಂಕಟವಾಗುತ್ತದೆ. ಪಂಚಾಯಿತಿ, ಮೀನುಗಾರರ ಸಂಘ, ಕಾಲೇಜಿನ ಭೂಗೋಳ ವಿಭಾಗ, ಯಾರೇ ಆಗಲಿ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಅಳತೆಯ ಕ್ರಮ ಇಲ್ಲಿದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಹೆಚ್ಚಿನವರು ಏಳನೆಯ ಹಂತದಿಂದ ಶುರು ಮಾಡುವುದರಿಂದಲೇ ಸೋಲುತ್ತಾರೆ.

ಬೇಕಾಗುವ ಸಾಮಗ್ರಿ

1.5 ಮೀಟರ್ ಉದ್ದದ ಎರಡು ನೇರ ಮರದ ಕೋಲು, ಮೇಲಿನಿಂದ ಕೆಳಕ್ಕೆ ಒಂದೊಂದು ಸೆಂಟಿಮೀಟರಿಗೆ ಗುರುತು ಹಾಕಿದ್ದು. 30 ಮೀಟರಿನ ಟೇಪು. ಗಾರೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ನೀರಿನ ಪೈಪು, ಹತ್ತು ಮೀಟರಿನದು. ದಿಕ್ಸೂಚಿ (ಫೋನಿನದೇ ಸಾಕು), ಕಾಂಕ್ರೀಟ್ ಮೊಳೆ, ಬಣ್ಣ, ಪೆನ್ಸಿಲ್, ದಪ್ಪ ರಟ್ಟಿನ ನೋಟ್‌ಬುಕ್. ಪೆನ್ನು ಬೇಡ, ಉಪ್ಪುನೀರು ತಾಗಿದರೆ ಶಾಯಿ ಹರಡುತ್ತದೆ. ಕಾರವಾರದ ಉಬ್ಬರ-ಇಳಿತದ ವೇಳಾಪಟ್ಟಿ ಬೇಕೇ ಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಹೊರತರುವ ಉಬ್ಬರ ಕೋಷ್ಟಕದಲ್ಲಿ ಕಾರವಾರ ಬಂದರಿನ ಲೆಕ್ಕವಿರುತ್ತದೆ.

ಡ್ರೋನ್ ಆಸೆ ಎಲ್ಲರಿಗೂ ಇದೆ. ಆದರೆ ಅರ್ಗಾ, ಬಿಣಗಾ ಸುತ್ತ ನೌಕಾನೆಲೆ ಇರುವುದನ್ನು ಮರೆಯಬೇಡಿ. ಅನುಮತಿಯಿಲ್ಲದೆ ಹಾರಿಸಿದರೆ ಅಳತೆಯ ಕೆಲಸ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತದೆ. ಕೋಲಿನ ಅಳತೆ ಕೈಗೆ ಹತ್ತಿದ ಮೇಲೆ ಡ್ರೋನ್ ಯೋಚಿಸಿ.

ಹಂತ 1: ಅಲುಗದ ಗುರುತು ಹಾಕಿ

ದಂಡೆಯ ಹಿಂದಿನಿಂದ ನೀರಿನವರೆಗೆ ನೇರವಾಗಿ ನಡೆದು ಅಳೆಯುವ ಸಾಲೇ ಅಳತೆಗೆರೆ. ಪ್ರತಿ ಅಳತೆಗೆರೆಗೂ ದಂಡೆಯ ಹಿಂದೆ ಎರಡು ಗುರುತು ಬೇಕು, ಮುಂದೊಂದು, ಹಿಂದೊಂದು. ಎರಡನ್ನೂ ಒಂದೇ ಸಾಲಿಗೆ ತಂದು ನೋಡಿದರೆ ಕಡಲಿನತ್ತ ಯಾವ ದಿಕ್ಕಿಗೆ ನಡೆಯಬೇಕೆಂದು ಪ್ರತಿ ಸಲವೂ ಖಚಿತವಾಗುತ್ತದೆ. ಒಂದೇ ಗುರುತಿದ್ದರೆ ಒಬ್ಬರು ಸ್ವಲ್ಪ ಎಡಕ್ಕೆ, ಇನ್ನೊಬ್ಬರು ಸ್ವಲ್ಪ ಬಲಕ್ಕೆ ನಡೆದು ಬೇರೆಬೇರೆ ದಂಡೆಗಳನ್ನೇ ಅಳೆದು ಬರುತ್ತಾರೆ.

ಗುರುತಿಗೆ ಗಾಳಿಮರ ಬೇಡ. ನಮ್ಮ ಮೊದಲ ವರ್ಷದ ಮೊಳೆ ಗಾಳಿಮರದಲ್ಲಿತ್ತು. ಆಷಾಢದಲ್ಲಿ ಮರವೇ ಬುಡಸಮೇತ ಹೋಯಿತು, ಅದರೊಂದಿಗೆ ಐದು ತಿಂಗಳ ಅಳತೆಯೂ ಹೋಯಿತು. ಬೇಲಿಗೂಟ, ವಿದ್ಯುತ್ ಕಂಬ, ಹೊಸದಾಗಿ ಹಾಕಿದ ರಸ್ತೆಯಂಚು ಕೂಡ ಬೇಡ. ದೇವಸ್ಥಾನದ ಅಡಿಪಾಯ, ಹಳೆಯ ಬಾವಿಕಟ್ಟೆ, ಮೋರಿಯ ಕಾಂಕ್ರೀಟ್, ನೆಲದಿಂದೆದ್ದ ಬಂಡೆ ಒಳ್ಳೆಯವು. ಮೊಳೆ ಹೊಡೆದು, ಬಣ್ಣ ಬಳಿದು, ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ. ಸುತ್ತಲಿನ ಮೂರು ಸ್ಥಿರ ವಸ್ತುಗಳಿಂದ ಮೊಳೆಗೆ ಎಷ್ಟು ದೂರವೆಂದು ಟೇಪಿನಲ್ಲಿ ಅಳೆದು ಬರೆದಿಡಿ. ಗುರುತು ಕಳೆದುಹೋದ ದಿನ ಆ ಮೂರು ದೂರಗಳೇ ಅದನ್ನು ಮರಳಿ ಕೊಡುತ್ತವೆ.

ಒಂದು ಕಿಲೋಮೀಟರ್ ದಂಡೆಗೆ 200 ಮೀಟರಿಗೊಂದರಂತೆ ಗೆರೆ ಸಾಕು. ಅಳಿವೆಯ ಹತ್ತಿರ ಅಷ್ಟು ವಿರಳವಾದರೆ ಆಗದು. ಕಾಳಿ ಅಳಿವೆಯ ಕೋಡಿಬಾಗ, ದೇವಬಾಗ ಭಾಗದಲ್ಲಿ, ಶರಾವತಿ ಅಳಿವೆಯ ಪಾವಿನಕುರ್ವೆ, ಕಾಸರಕೋಡಗಳಲ್ಲಿ ಮರಳ ನಾಲಿಗೆ ಮಳೆಗಾಲಕ್ಕೊಮ್ಮೆ ಆಕಾರ ಬದಲಿಸುತ್ತದೆ. ಅಲ್ಲಿ 50 ಮೀಟರಿಗೊಂದು ಗೆರೆ ಹಾಕಿ. ಬಂಡೆಗಳ ನಡುವಿನ ಸಣ್ಣ ಕೊಲ್ಲಿಯಾದರೆ ಎರಡೂ ತುದಿಗಳಲ್ಲಿ ಒಂದೊಂದು ಗೆರೆ ಇರಲೇಬೇಕು. ಯಾಕೆಂದು ಐದನೆಯ ಹಂತದಲ್ಲಿ ತಿಳಿಯುತ್ತದೆ.

ಇನ್ನು ಮಟ್ಟದ ಪ್ರಶ್ನೆ. ಫೋನಿನ ಜಿಪಿಎಸ್ ಎತ್ತರವನ್ನು ನಂಬಬೇಡಿ. ಉಪಗ್ರಹ ಕೊಡುವ ಕಚ್ಚಾ ಎತ್ತರ ಭೂಮಿಯ ಗಣಿತದ ಆಕಾರವನ್ನು ಹಿಡಿದು ಲೆಕ್ಕ ಹಾಕಿದ್ದು. ನಮ್ಮ ಕರಾವಳಿಯಲ್ಲಿ ಅದಕ್ಕೂ ಸಮುದ್ರಮಟ್ಟಕ್ಕೂ ಹತ್ತಾರು ಮೀಟರ್ ಅಂತರವಿದೆ, ಹಾಗಾಗಿ ದಂಡೆಯ ಮೇಲೆ ನಿಂತರೂ ಮೈನಸ್ ಸಂಖ್ಯೆ ಬರಬಹುದು. ಹತ್ತಿರ ಸರ್ವೇಕ್ಷಣಾ ಇಲಾಖೆಯ ಮಟ್ಟದ ಕಲ್ಲು ಇದ್ದರೆ ಅಲ್ಲಿಂದ ಎತ್ತರ ತನ್ನಿ. ಇಲ್ಲವಾದರೆ ನಿಮ್ಮ ಮೊಳೆಯ ಎತ್ತರವನ್ನು 10.00 ಮೀಟರ್ ಎಂದು ಇಟ್ಟುಕೊಳ್ಳಿ, ಎಂದೂ ಬದಲಿಸಬೇಡಿ. ಮುಂದೊಂದು ದಿನ ಸರ್ವೇಯರ್ ಬಂದು ಅದನ್ನು ನಿಜವಾದ ಸಮುದ್ರಮಟ್ಟಕ್ಕೆ ಜೋಡಿಸಿಕೊಡಬಹುದು. ಹಳೆಯ ಅಂಕಿಗಳೆಲ್ಲ ಒಂದೇ ಕೂಡು-ಕಳೆಯಲ್ಲಿ ಸರಿಹೋಗುತ್ತವೆ.

ಹಂತ 2: ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ

ಅಮಾವಾಸ್ಯೆ ಅಥವಾ ಹುಣ್ಣಿಮೆಯ ನಂತರದ ಒಂದೆರಡು ದಿನಗಳಲ್ಲಿ ನೀರು ಅತಿ ಹೆಚ್ಚು ಇಳಿಯುತ್ತದೆ. ಅಳತೆಗೆ ಆ ದಿನಗಳನ್ನೇ ಆರಿಸಿ. ನಮ್ಮಲ್ಲಿ ದಿನಕ್ಕೆ ಎರಡು ಇಳಿತ, ಎರಡೂ ಸಮಾನವಲ್ಲ. ಕೋಷ್ಟಕ ನೋಡಿ, ಹಗಲಿನಲ್ಲಿ ಬೀಳುವುದರಲ್ಲಿ ಹೆಚ್ಚು ತಗ್ಗಿನದನ್ನು ಹಿಡಿಯಿರಿ. ಇಳಿತದ ತುದಿಗಿಂತ ಒಂದು ಗಂಟೆ ಮೊದಲೇ ದಂಡೆಯಲ್ಲಿರಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆಂಬ ಲೆಕ್ಕ ನೆನಪಿದ್ದರೆ ವಾರದ ಯೋಜನೆ ಸುಲಭ.

ತಿಂಗಳಿಗೊಂದು ಅಳತೆ ಆದರ್ಶ. ಅಷ್ಟು ಸಾಧ್ಯವಿಲ್ಲದವರು ವರ್ಷಕ್ಕೆ ನಾಲ್ಕನ್ನಾದರೂ ತಪ್ಪಿಸಬೇಡಿ: ಮೇ ಮೊದಲ ಪಕ್ಷ, ಸೆಪ್ಟೆಂಬರ್ ಕೊನೆ, ಡಿಸೆಂಬರ್, ಫೆಬ್ರವರಿ ಕೊನೆ. ಇದಲ್ಲದೆ ಚಂಡಮಾರುತ ಹಾದುಹೋದ ಎರಡು-ಮೂರು ದಿನಗಳೊಳಗೆ ಒಂದು ಹೆಚ್ಚುವರಿ ಅಳತೆ. 2021ರ ಮೇ ಮಧ್ಯದಲ್ಲಿ ತೌಕ್ತೆ ನಮ್ಮ ಕರಾವಳಿಯ ಹೊರಗಿನಿಂದ ಹಾದುಹೋಯಿತು. ಆ ವರ್ಷ ಮೇ ಕೊನೆಯಲ್ಲಿ ಅಳೆದವರು ತೂಫಾನು ಕಡಿದ ದಂಡೆಯನ್ನೇ ‘ಮಳೆಗಾಲಕ್ಕೆ ಮುಂಚಿನ ತುಂಬು ದಂಡೆ’ ಎಂದು ಬರೆದಿಟ್ಟುಕೊಂಡಿರಬಹುದು. ಮೇ ಅಳತೆ ಮೊದಲ ಪಕ್ಷದಲ್ಲೇ ಆಗಲಿ ಎನ್ನುವುದು ಇದಕ್ಕೇ.

ಜೂನ್-ಜುಲೈನಲ್ಲಿ ನೀರಿಗಿಳಿದು ಅಳೆಯುವ ಸಾಹಸ ಬೇಡ. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುವ ಕಾಲ ಅದು. ಒಣ ದಂಡೆಯನ್ನಷ್ಟೇ ಅಳೆಯಿರಿ, ಗೆರೆ ಎಲ್ಲಿ ನಿಂತಿತೆಂದು ಬರೆಯಿರಿ. ಹೊರಡುವ ಮೊದಲು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡಿ. ಮಳೆಗಾಲಕ್ಕೆ ಮೊದಲೂ, ಗಾಳಿಯೇ ಇಲ್ಲದ ದಿನ ದೂರದ ದಕ್ಷಿಣ ಸಾಗರದಿಂದ ಬಂದ ಉದ್ದಲೆಗಳು ಏಕಾಏಕಿ ದಂಡೆ ಏರುವುದುಂಟು.

ಹಂತ 3: ಕೋಲು ಹಿಡಿದು ಅಳೆಯುವುದು

ಎಮರಿ ಕೋಲು ಎಂದು ಈ ವಿಧಾನದ ಹೆಸರು. ಇಬ್ಬರು ಅಳೆಯುತ್ತಾರೆ, ಒಬ್ಬರು ಬರೆಯುತ್ತಾರೆ. ಮೊದಲ ಕೋಲು ಮೊಳೆಯ ಬಳಿ, ಎರಡನೆಯದು ಗೆರೆಯ ಮೇಲೆ 2 ಮೀಟರ್ ಕಡಲಿನತ್ತ. ಹಿಂದಿನ ಕೋಲಿನವರು ಕಡಲಿನತ್ತ ಮುಖಮಾಡಿ ನಿಂತು, ಮುಂದಿನ ಕೋಲಿನ ತುದಿ ಮತ್ತು ದೂರದ ದಿಗಂತ ಎರಡೂ ಒಂದೇ ನೇರಕ್ಕೆ ಬರುವಂತೆ ಕಣ್ಣನ್ನು ತಗ್ಗಿಸುತ್ತಾರೆ. ಆ ನೋಟದ ಗೆರೆ ತಮ್ಮ ಕೋಲನ್ನು ಮೇಲಿನಿಂದ ಎಷ್ಟು ಸೆಂಟಿಮೀಟರ್ ಕೆಳಗೆ ಹಾದುಹೋಗುತ್ತದೋ ಅಷ್ಟೇ ನೆಲ ತಗ್ಗಾಗಿದೆ. ಮುಂದಿನ ನೆಲ ಏರಿದ್ದರೆ ತಿರುವುಮುರುವು: ಹಿಂದಿನ ಕೋಲಿನ ತುದಿಯನ್ನು ದಿಗಂತಕ್ಕೆ ಹೊಂದಿಸಿ, ಮುಂದಿನ ಕೋಲಿನ ಗುರುತು ಓದಿ, ಅದಕ್ಕೆ ಕೂಡು ಚಿಹ್ನೆ ಹಾಕಿ. ನಂತರ ಹಿಂದಿನ ಕೋಲು ಮುಂದಿನದರ ಅದೇ ಕುಳಿಗೆ ಬರಬೇಕು. ಹೀಗೆ ಮೊಣಕಾಲು ನೀರಿನವರೆಗೆ.

ಕಾರವಾರದ ದಂಡೆಯಲ್ಲಿ ಒಂದು ತೊಡಕಿದೆ. ಕೂರ್ಮಗಡ, ದೇವಗಡದಂಥ ದ್ವೀಪಗಳು ಕೆಲವು ಗೆರೆಗಳಿಗೆ ದಿಗಂತವನ್ನೇ ಮರೆಮಾಡುತ್ತವೆ. ದ್ವೀಪದ ಬುಡವನ್ನು ದಿಗಂತವೆಂದು ಹಿಡಿದರೆ ಪ್ರತಿ ಹೆಜ್ಜೆಗೂ ಸ್ವಲ್ಪ ತಪ್ಪು ಸೇರಿ ದಂಡೆಯೇ ಓರೆಯಾಗಿ ಕಾಣುತ್ತದೆ. ಅಂಥ ಕಡೆ, ಹಾಗೂ ಮಬ್ಬು ಕವಿದ ದಿನ, ನೀರಿನ ಪೈಪು ಬಳಸಿ. ಪೈಪಿನ ಎರಡೂ ತುದಿಗಳನ್ನು ಎರಡು ಕೋಲಿಗೆ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಎರಡು ಓದುಗಳ ವ್ಯತ್ಯಾಸವೇ ನೆಲದ ವ್ಯತ್ಯಾಸ. ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು. ನೀರಿಗೆ ಚೂರು ಅರಿಸಿನ ಕದಡಿದರೆ ಬಿಸಿಲಿನಲ್ಲೂ ಮಟ್ಟ ಚೆನ್ನಾಗಿ ಕಾಣುತ್ತದೆ.

ಕೋಲು ಮರಳಿನಲ್ಲಿ ಹೂತುಹೋಗುವುದೇ ಅತಿ ಸಾಮಾನ್ಯ ತಪ್ಪು. ಬುಡಕ್ಕೆ ಅಂಗೈಯಗಲದ ಹಲಗೆ ತುಂಡು ಹೊಡೆಯಿರಿ. ಎರಡನೆಯದು ಅವಸರ. ಅಲೆ ಕಡಿದ ಮೆಟ್ಟಿಲು ಬಂದಾಗ ಎರಡು ಮೀಟರಿನ ಹೆಜ್ಜೆಯಲ್ಲಿ ಅದನ್ನು ದಾಟಿಬಿಡುತ್ತಾರೆ. ಮೆಟ್ಟಿಲಿನ ಮೇಲೊಂದು, ಬುಡದಲ್ಲೊಂದು ಓದು ಬೇಕು.

ಮುಗಿದ ಮೇಲೆ ಅದೇ ಗೆರೆಯಲ್ಲಿ ಮೊಳೆಯವರೆಗೆ ಮರಳಿ ಅಳೆಯಿರಿ. ಹೊರಟ ಎತ್ತರಕ್ಕೂ ತಲುಪಿದ ಎತ್ತರಕ್ಕೂ 5 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಗೆರೆಯನ್ನು ಅಂದೇ ಮತ್ತೆ ಅಳೆಯಿರಿ. ಬೇಸರದ ಕೆಲಸ ಹೌದು. ಆದರೆ 40 ಮೀಟರಿನ ಗೆರೆ ಸರಾಸರಿ 3 ಸೆಂಟಿಮೀಟರ್ ತಪ್ಪಿದರೆ ಮೀಟರ್ ದಂಡೆಗೆ 1.2 ಘನ ಮೀಟರ್ ಮರಳು ಸುಳ್ಳಾಗಿ ‘ಹೋಗುತ್ತದೆ’. ಅರ್ಧ ಕಿಲೋಮೀಟರಿಗೆ ಅದು 600 ಘನ ಮೀಟರ್, ದೊಡ್ಡ ಟಿಪ್ಪರಿನಲ್ಲಿ ಸುಮಾರು 60 ಲೋಡು.

ಹಂತ 4: ಅಗಲವಲ್ಲ, ಗಾತ್ರ ಲೆಕ್ಕ ಹಾಕಿ

ದಂಡೆ ಅಗಲವಾಗಿ ಕಂಡರೂ ತೆಳುವಾಗಿರಬಹುದು. ಆದ್ದರಿಂದ ಪ್ರತಿ ಗೆರೆಗೂ ಸಮುದ್ರಮಟ್ಟಕ್ಕಿಂತ ಮೇಲಿರುವ ಮರಳಿನ ಗಾತ್ರ ತೆಗೆಯಬೇಕು. ಲೆಕ್ಕದ ರೀತಿ ತೋರಿಸಲು ಒಂದು ಮಾದರಿ ಗೆರೆ ನೋಡಿ.

ಮೇನಲ್ಲಿ 0, 10, 20, 30, 40 ಮೀಟರ್ ದೂರಗಳಲ್ಲಿ ಎತ್ತರ 3.2, 2.9, 2.1, 1.2, 0.3 ಮೀಟರ್ ಎಂದುಕೊಳ್ಳಿ. ಪಕ್ಕಪಕ್ಕದ ಎರಡು ಎತ್ತರಗಳ ಸರಾಸರಿಯನ್ನು ನಡುವಿನ 10 ಮೀಟರಿನಿಂದ ಗುಣಿಸಿ: 30.5, 25, 16.5, 7.5. ಕೂಡಿದರೆ 79.5. ಅಂದರೆ ಒಂದು ಮೀಟರ್ ದಂಡೆಯಲ್ಲಿ 79.5 ಘನ ಮೀಟರ್ ಮರಳಿದೆ. ಸೆಪ್ಟೆಂಬರಿನಲ್ಲಿ ಅದೇ ಗೆರೆ 3.2, 2.4, 1.3, 0.5, ಮೈನಸ್ 0.2 ಆಗಿದ್ದರೆ, ಸಮುದ್ರಮಟ್ಟಕ್ಕಿಂತ ಕೆಳಗಿನ ತುಣುಕನ್ನು ಲೆಕ್ಕಕ್ಕೆ ಹಿಡಿಯದೆ, ಗಾತ್ರ ಸುಮಾರು 57.3. ವ್ಯತ್ಯಾಸ 22 ಘನ ಮೀಟರಿನಷ್ಟು. 500 ಮೀಟರ್ ದಂಡೆಗೆ 11 ಸಾವಿರ ಘನ ಮೀಟರ್.

ಈ ಅಂಕಿ ಸೆಪ್ಟೆಂಬರಿನಲ್ಲಿ ಕೈಗೆ ಬಂದ ಕೂಡಲೇ ಜನ ಟಿಪ್ಪರ್ ಲೆಕ್ಕ ಶುರು ಮಾಡುತ್ತಾರೆ. ತಡೆಯಿರಿ. ಆ ಮರಳಿನ ಬಹುಪಾಲು ಇನ್ನೂ ನಿಮ್ಮ ಕಣ್ಣಮುಂದೆಯೇ, ಅಲೆ ಒಡೆಯುವ ಜಾಗದ ನೀರಿನಡಿಯ ದಿಣ್ಣೆಯಲ್ಲಿರಬಹುದು. ಮಳೆಗಾಲದ ಎತ್ತರದ ಅಲೆ ಅದನ್ನು ಆಚೆ ಒಯ್ಯುತ್ತದೆ, ನೂಲು ಹುಣ್ಣಿಮೆ ಕಳೆದು ಕಡಲು ತಣ್ಣಗಾಗುತ್ತಿದ್ದಂತೆ ಸಣ್ಣ ಉದ್ದಲೆಗಳು ನಿಧಾನವಾಗಿ ಮರಳಿ ತರುತ್ತವೆ. ತುಂಬುವ ಕೆಲಸ ಫೆಬ್ರವರಿ, ಮಾರ್ಚಿನವರೆಗೂ ನಡೆದಿರುತ್ತದೆ.

ಹಂತ 5: ಒಂದು ಪೂರ್ಣ ವರ್ಷ ಕಾಯಿರಿ, ಆಮೇಲೆ ಕಾರಣ ಹುಡುಕಿ

ಇದು ಇಡೀ ಕೆಲಸದ ನಡುಗಂಬ. ಮೇ ಅಳತೆಯನ್ನು ಮುಂದಿನ ಮೇ ಅಳತೆಯೊಂದಿಗೆ, ಸೆಪ್ಟೆಂಬರಿನದನ್ನು ಸೆಪ್ಟೆಂಬರಿನೊಂದಿಗೆ ಹೋಲಿಸಿ. ಒಂದು ವರ್ಷದ ಅಂಕಿ ಕನಿಷ್ಠ. ಮೂರು ವರ್ಷದ್ದಿದ್ದರೆ ಯಾವ ಕಚೇರಿಯಲ್ಲೂ ನಿಮ್ಮ ಮಾತಿಗೆ ತೂಕ.

ಅಂಕಿಗಳು ನಾಲ್ಕು ಬಗೆಯ ಕಥೆ ಹೇಳಬಹುದು.

ಎಲ್ಲ ಗೆರೆಗಳೂ ಸೆಪ್ಟೆಂಬರಿನಲ್ಲಿ ಇಳಿದು ಮಾರ್ಚ್ ಹೊತ್ತಿಗೆ ಮೊದಲಿನಷ್ಟಾದರೆ ಅದು ಋತುವಿನ ಉಸಿರಾಟ, ಕೊರೆತವಲ್ಲ. ಮರಳು ಸುರಿಯುವ ಅಗತ್ಯವಿಲ್ಲ. ದಂಡೆಗೆ ಮುಂದೆ ಸರಿದು ಕಟ್ಟಿದ ಅಂಗಡಿಯನ್ನೋ ರಸ್ತೆಯನ್ನೋ ಹಿಂದೆ ಸರಿಸುವುದೇ ಮದ್ದು.

ಉತ್ತರ ತುದಿ ಕಳೆದುಕೊಂಡದ್ದನ್ನು ದಕ್ಷಿಣ ತುದಿ ಗಳಿಸಿದರೆ, ಅಥವಾ ಇದರ ತಿರುವು ಆದರೆ, ದಂಡೆ ತಿರುಗುತ್ತಿದೆ. ಗುಡ್ಡದ ಮೂಗುಗಳ ನಡುವೆ ಸಿಕ್ಕ ನಮ್ಮ ಜಿಲ್ಲೆಯ ಸಣ್ಣ ಕೊಲ್ಲಿಗಳಲ್ಲಿ ಇದನ್ನು ಸದಾ ನಿರೀಕ್ಷಿಸಬೇಕು. ಒಟ್ಟು ಗಾತ್ರ ಬದಲಾಗಿರುವುದಿಲ್ಲ. ಒಂದೇ ತುದಿಯಲ್ಲಿ ಗೆರೆ ಇಟ್ಟವರು ಇದನ್ನು ಭೀಕರ ಕೊರೆತವೆಂದೋ ಅದ್ಭುತ ಬೆಳವಣಿಗೆಯೆಂದೋ ತಪ್ಪು ತಿಳಿಯುತ್ತಾರೆ.

ಅಳಿವೆಯ ಪಕ್ಕದ ಎರಡು-ಮೂರು ಗೆರೆಗಳಷ್ಟೇ ಕುಸಿದರೆ ಅಳಿವೆಯ ಬಾಯನ್ನು ನೋಡಿ. ಬಾಯಿ ಸರಿದಿದೆಯೇ, ಮರಳ ನಾಲಿಗೆ ಮುರಿದಿದೆಯೇ, ಹೊಸ ಕಟ್ಟಡವೋ ಅಲೆತಡೆ ಗೋಡೆಯೋ ಬಂದಿದೆಯೇ? ಇಂಥ ಕಡೆ ತಂದು ಸುರಿದ ಮರಳು ಒಂದೇ ಮಳೆಗಾಲದಲ್ಲಿ ಮಾಯವಾಗುವ ಅಪಾಯ ಹೆಚ್ಚು.

ಎಲ್ಲ ಗೆರೆಗಳೂ ವರ್ಷದಿಂದ ವರ್ಷಕ್ಕೆ, ಅದೇ ತಿಂಗಳಲ್ಲಿ, ಇಳಿಯುತ್ತಲೇ ಹೋದರೆ ಮಾತ್ರ ಮರಳಿನ ಕೊರತೆ. ಆಗ ಬರುವ ಮರಳು ಎಲ್ಲಿ ನಿಂತಿತೆಂದು ಕೇಳಬೇಕು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ, ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಒಂದು ಅಳಿವೆಯ ಅನುಭವವನ್ನು ಇನ್ನೊಂದಕ್ಕೆ ಅನ್ವಯಿಸಬೇಡಿ. ನದಿಯಿಂದ ಮರಳು ತೆಗೆಯುವುದು, ದಿಬ್ಬ ಕಡಿದು ಸಮ ಮಾಡುವುದು, ಇವನ್ನೂ ತಾರೀಖಿನ ಸಮೇತ ನೋಟ್‌ಬುಕ್‌ನಲ್ಲಿ ಬರೆಯಿರಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದ ಮಣ್ಣಿನಂಥ ಘಟನೆಯೂ ಆ ಪುಟದಲ್ಲಿರಬೇಕು. ಅಳಿವೆಯ ಅಂಕಿಗಳನ್ನು ಓದುವಾಗ ಅದು ಬೇಕಾಗುತ್ತದೆ.

ಹಿಂದಿನ ವರ್ಷಗಳ ನೋಟಕ್ಕೆ ಉಪಗ್ರಹ ಚಿತ್ರ ನೆರವಾಗುತ್ತದೆ. ಸೆಂಟಿನೆಲ್-2 ಚಿತ್ರಗಳು ಉಚಿತ, ಸುಮಾರು ಐದು ದಿನಕ್ಕೊಮ್ಮೆ ಸಿಗುತ್ತವೆ, ಒಂದು ಚುಕ್ಕೆ 10 ಮೀಟರ್. ಲ್ಯಾಂಡ್‌ಸ್ಯಾಟ್ ಇನ್ನೂ ಹಿಂದಕ್ಕೆ ಹೋಗುತ್ತದೆ, ಆದರೆ ಚುಕ್ಕೆ 30 ಮೀಟರ್. ಮಳೆಗಾಲದಲ್ಲಿ ಮೋಡವೇ ಕಾಣುತ್ತದೆ. ಪ್ರತಿ ಚಿತ್ರದ ಸಮಯಕ್ಕೆ ಉಬ್ಬರ ಎಷ್ಟಿತ್ತೆಂದು ತಿದ್ದದಿದ್ದರೆ ಮೊದಲು ಹೇಳಿದ ಮೂವತ್ತು ಮೀಟರಿನ ತಪ್ಪೇ ಮರುಕಳಿಸುತ್ತದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ದೇಶದ ಇಡೀ ಕರಾವಳಿಗೆ ತೀರರೇಖೆ ನಕ್ಷೆಗಳನ್ನು ಮಾಡಿದೆ. ನಿಮ್ಮ ಭಾಗದ್ದನ್ನು ತೆಗೆದುಕೊಂಡು ನಿಮ್ಮ ಗೆರೆಗಳ ಜೊತೆ ಇಟ್ಟು ನೋಡಿ.

ಹಂತ 6: ನಿಮ್ಮ ಮರಳಿನ ಗುಣ ತಿಳಿಯಿರಿ

ಕೊರತೆ ಖಚಿತವಾಯಿತು ಎಂದಿಟ್ಟುಕೊಳ್ಳೋಣ. ತರುವ ಮರಳಿಗಿಂತ ಮೊದಲು ಇರುವ ಮರಳನ್ನು ಅರಿಯಬೇಕು. ಪ್ರತಿ ಗೆರೆಯಲ್ಲಿ ನಾಲ್ಕು ಜಾಗದಿಂದ, ಅಂದರೆ ದಿಬ್ಬ, ಮೇಲ್ದಿಣ್ಣೆ (ಉಬ್ಬರದ ನೀರಂಚಿಗಿಂತ ಮೇಲಿನ ಚಪ್ಪಟೆ ಮರಳು), ಉಬ್ಬರ-ಇಳಿತದ ನಡು, ಇಳಿತದ ನೀರಂಚು, ಅರ್ಧರ್ಧ ಕಿಲೋ ಮರಳು ತೆಗೆಯಿರಿ. ಮೇನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, 2 ಮಿಲಿಮೀಟರಿನಿಂದ 0.063 ಮಿಲಿಮೀಟರಿನವರೆಗಿನ ಜರಡಿಗಳಲ್ಲಿ ಜಾಲಿಸಿ, ಪ್ರತಿ ಜರಡಿಯಲ್ಲಿ ಉಳಿದದ್ದನ್ನು ತೂಗಿ. ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವನ್ನೋ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮಣ್ಣಿನ ಪ್ರಯೋಗಾಲಯವನ್ನೋ ಕೇಳಿ ನೋಡಿ. ಅರ್ಧ ತೂಕ ಯಾವ ಕಣಗಾತ್ರಕ್ಕಿಂತ ಕೆಳಗೆ ಬರುತ್ತದೋ ಅದೇ ಮರಳ ಕಣದ ಮಧ್ಯಮ ಗಾತ್ರ.

ತರುವ ಮರಳು ಇದೇ ಗಾತ್ರದ್ದಾಗಿರಬೇಕು, ಇಲ್ಲವೇ ತುಸು ದಪ್ಪ. ನಯವಾದ ಮರಳು ಹೆಚ್ಚು ಚಪ್ಪಟೆಯಾದ ಇಳಿಜಾರಿಗೆ ಕೂರುತ್ತದೆ. ಸುರಿದದ್ದೆಲ್ಲ ನೀರಿನಡಿ ಹರಡಿ ಒಣ ದಂಡೆ ಕಾಣಿಸಿಕೊಳ್ಳುವುದೇ ಇಲ್ಲ. ಬಹಳ ದಪ್ಪವಾದರೆ ದಂಡೆ ಕಡಿದಾಗಿ ಸ್ನಾನಕ್ಕೂ ದೋಣಿ ಎಳೆಯಲಿಕ್ಕೂ ಅಪಾಯ.

ಮೂರು ವಸ್ತುಗಳನ್ನು ಕಂಡ ಕೂಡಲೇ ತಿರಸ್ಕರಿಸಿ. ಕೆಂಪು ಜಂಬಿಟ್ಟಿಗೆ ಮಣ್ಣು: ಒಂದೇ ಮಳೆಗೆ ಕಡಲು ಕೆಂಪಾಗುತ್ತದೆ, ಉಳಿದದ್ದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬಂದರಿನ ಹೂಳು: ಕಾರವಾರ ಕೊಲ್ಲಿಯಲ್ಲಿ ಸ್ವಲ್ಪ ಆಳಕ್ಕೆ ಹೋದರೆ ತಳ ಕೆಸರು, ಹೂಳೆತ್ತಿದ್ದೆಲ್ಲ ಮರಳಲ್ಲ. ಕಟ್ಟಡದ ಅವಶೇಷ: ಅದನ್ನು ವಿವರಿಸಬೇಕಿಲ್ಲ. ಸ್ಥಳದಲ್ಲೇ ಪರೀಕ್ಷಿಸಲು ಗಾಜಿನ ಬಾಟಲಿಗೆ ಮೂರನೆಯ ಒಂದು ಪಾಲು ಮರಳು, ಉಳಿದಷ್ಟು ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದು ನಿಮಿಷದೊಳಗೆ ಕೂರುತ್ತದೆ. ಹತ್ತು ನಿಮಿಷವಾದರೂ ನೀರು ಚಹಾದಂತಿದ್ದರೆ ಲೋಡನ್ನು ವಾಪಸು ಕಳಿಸಿ. 0.063 ಮಿಲಿಮೀಟರಿಗಿಂತ ನಯವಾದ ಪಾಲು ನೂರಕ್ಕೆ ಐದನ್ನು ದಾಟಬಾರದೆಂದು ಗುತ್ತಿಗೆ ಪತ್ರದಲ್ಲೇ ಬರೆಸಿ.

ಹಂತ 7: ಎಷ್ಟು ಮರಳು ಬೇಕು

ಇಲ್ಲಿ ಎಲ್ಲರೂ ಎಡವುತ್ತಾರೆ. 500 ಮೀಟರ್ ಉದ್ದ, 20 ಮೀಟರ್ ಅಗಲ, ಒಂದು ಮೀಟರ್ ದಪ್ಪ, ಅಂದರೆ ಹತ್ತು ಸಾವಿರ ಘನ ಮೀಟರ್ ಎಂದು ಬರೆದುಬಿಡುತ್ತಾರೆ. ಕಡಲು ಆ ಲೆಕ್ಕ ಒಪ್ಪುವುದಿಲ್ಲ. ಒಣ ದಂಡೆ ಮುಂದೆ ಸರಿಯಬೇಕಾದರೆ ನೀರಿನಡಿಯ ಇಳಿಜಾರೂ ಅದರೊಂದಿಗೆ ಮುಂದೆ ಸರಿಯಬೇಕು, ಅಲೆ ಮರಳನ್ನು ಅಲುಗಾಡಿಸುವ ಕೊನೆಯ ಆಳದವರೆಗೆ.

ಆ ಆಳದ ಒರಟು ಅಂದಾಜು: ವರ್ಷದಲ್ಲಿ ಒಟ್ಟು 12 ಗಂಟೆ ಮಾತ್ರ ಮೀರುವ ಅಲೆಯೆತ್ತರದ ಸುಮಾರು ಎರಡು ಪಟ್ಟು. ಬಯಲು ಕಡಲಿಗೆ ತೆರೆದ ದಂಡೆಯಲ್ಲಿ ಆ ಅಲೆ 4 ಮೀಟರ್ ಎಂದರೆ ಆಳ 8 ಮೀಟರ್. ದಂಡೆಯ ಮೇಲ್ದಿಣ್ಣೆಯ ಎತ್ತರ 2.5 ಸೇರಿದರೆ 10.5. ಅಂದರೆ ದಂಡೆಯನ್ನು ಒಂದು ಮೀಟರ್ ಮುಂದೆ ತರಲು, ಪ್ರತಿ ಮೀಟರ್ ಉದ್ದಕ್ಕೆ 10.5 ಘನ ಮೀಟರ್. ಮೇಲಿನ 500 ಮೀಟರ್ ದಂಡೆಯನ್ನು 20 ಮೀಟರ್ ಬೆಳೆಸಲು 1,05,000 ಘನ ಮೀಟರ್. ಮೊದಲ ಲೆಕ್ಕದ ಹತ್ತು ಪಟ್ಟು!

ಕಾರವಾರದಂಥ ಮರೆಯ ಕೊಲ್ಲಿಯಲ್ಲಿ ಅಲೆ ಚಿಕ್ಕದು, ಆಳವೂ ಕಡಿಮೆ, ಬೇಕಾಗುವ ಮರಳೂ ಕಡಿಮೆ. ಮರಳಿನ ತಳ ಎಲ್ಲಿ ಮುಗಿದು ಕೆಸರು ಅಥವಾ ಬಂಡೆ ಶುರುವಾಗುತ್ತದೆಂದು ಪಾತಿದೋಣಿಯಲ್ಲಿ ಹೋಗಿ ನೋಡಿ. ಸೀಸದ ಗುಂಡಿನ ತಳಕ್ಕೆ ಸಾಬೂನು ಮೆತ್ತಿ ಬಿಟ್ಟರೆ ಅಂಟಿಕೊಂಡು ಬರುವುದೇ ಉತ್ತರ. ಬಲೆ ಬೀಸುವ ಹಿರಿಯರಿಗೆ ಇದು ಬಾಯಿಪಾಠ, ಮೊದಲು ಅವರನ್ನೇ ಕೇಳಿ. ಅಂತಿಮ ಲೆಕ್ಕವನ್ನು ಮಾತ್ರ ಕರಾವಳಿ ಎಂಜಿನಿಯರಿಂಗ್ ಬಲ್ಲವರೇ ಮಾಡಬೇಕು. ನಿಮ್ಮ ಕೆಲಸ ಅವರಿಗೆ ಸರಿಯಾದ ಗೆರೆಗಳನ್ನು, ಜರಡಿಯ ಅಂಕಿಗಳನ್ನು ಕೊಡುವುದು, ಅವರು ಹತ್ತು ಸಾವಿರ ಎಂದರೆ ಯಾಕೆಂದು ಕೇಳುವುದು.

ಹಂತ 8: ಅನುಮತಿ ಮತ್ತು ಕಾಲ

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಡಿ ದಂಡೆಯಲ್ಲಿ ಇಂಥ ಕೆಲಸಕ್ಕೆ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಮೂಲಕ ಒಪ್ಪಿಗೆ ಬೇಕು. ಪಕ್ಕದ ದಿಬ್ಬದಿಂದ ಅಗೆದು ಮುಂದೆ ಸುರಿಯುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಬಿರುಗಾಳಿಗೆ ಮೀಸಲಿಟ್ಟ ಮರಳೇ ಆ ದಿಬ್ಬ. ಅದರ ಮೇಲಿನ ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು ಕೀಳಬೇಡಿ.

ಕಡಲು ತಣ್ಣಗಾದ ಅಕ್ಟೋಬರಿನ ನಂತರವೇ ಸುರಿಯುವ ಕೆಲಸ. ಆದರೆ ಚಳಿಗಾಲ ಆಲಿವ್ ರಿಡ್ಲೆ ಆಮೆಗಳು ಹೊನ್ನಾವರ ಭಾಗದ ದಂಡೆಗಳಿಗೆ ಮೊಟ್ಟೆಯಿಡಲು ಏರಿ ಬರುವ ಕಾಲವೂ ಹೌದು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವ ಅದು. ಅರಣ್ಯ ಇಲಾಖೆಯ ಗೂಡು ದಾಖಲೆ ನೋಡಿ, ಪ್ರತಿ ಬೆಳಿಗ್ಗೆ ಯಂತ್ರ ಹೊರಡುವ ಮುನ್ನ ಹೆಜ್ಜೆಗುರುತು ಹುಡುಕಿ. ಲಾರಿ ಓಡಾಡಿ ಗಟ್ಟಿಯಾದ ಮರಳಿನಲ್ಲಿ ಆಮೆ ಗುಂಡಿ ತೋಡಲಾರದು, ಹಾಗಾಗಿ ಕೊನೆಯಲ್ಲಿ ಉತ್ತು ಸಡಿಲಗೊಳಿಸಿ. ಏಂಡಿ ಬಲೆ ಎಳೆಯುವ ಜಾಗ, ಮೀನು ಒಣಗಿಸುವ ಜಾಗ ಯಾವುದೆಂದು ನಕ್ಷೆಯಲ್ಲಿ ಮೊದಲೇ ಗುರುತಿಸಿ.

ಹಂತ 9: ಸುರಿದ ಮೇಲೆ ಏನನ್ನು ಅಳೆಯಬೇಕು

ಸುರಿಯುವ ಹಿಂದಿನ ದಿನ ಒಂದು, ಮುಗಿದ ದಿನ ಒಂದು, ಮೊದಲ ತಿಂಗಳು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಅಳತೆ. ಎರಡೂ ಪಕ್ಕದ ದಂಡೆಗಳಲ್ಲಿ ಕನಿಷ್ಠ ಎರಡೆರಡು ಗೆರೆ ಇರಲಿ. ಜೊತೆಗೆ, ಏನೂ ಮಾಡದ, ಇದೇ ಬಗೆಯ ಇನ್ನೊಂದು ದಂಡೆಯನ್ನು ಸಾಕ್ಷಿಯಾಗಿ ಅಳೆಯುತ್ತಿರಿ. ಆ ವರ್ಷ ಕಡಲೇ ಶಾಂತವಾಗಿದ್ದು ಎಲ್ಲ ದಂಡೆಯೂ ಬೆಳೆದಿದ್ದರೆ ಅದನ್ನು ನಿಮ್ಮ ಮರಳಿನ ಯಶಸ್ಸೆಂದು ತಿಳಿಯದಂತೆ ಸಾಕ್ಷಿ ದಂಡೆ ಕಾಯುತ್ತದೆ.

ಮೊದಲ ತಿಂಗಳುಗಳಲ್ಲಿ ಒಣ ದಂಡೆ ವೇಗವಾಗಿ ಕಿರಿದಾಗುತ್ತದೆ. ಗಾಬರಿ ಬೇಡ, ನೀರಿನಡಿಯ ಇಳಿಜಾರು ತುಂಬುತ್ತಿದೆ. ಅದು ನಿಜವೋ ಅಥವಾ ಮರಳು ಹೊರಟೇ ಹೋಯಿತೋ ಎಂದು ತಿಳಿಯಲು ಮೀನು ಹುಡುಕುವ ಸೋನಾರ್ ಇರುವ ದೋಣಿಯಲ್ಲಿ ಅದೇ ಗೆರೆಗಳ ಮೇಲೆ ಆಳ ಅಳೆದು ಉಬ್ಬರದ ಲೆಕ್ಕ ಕಳೆಯಿರಿ. ವರ್ಷಕ್ಕೆರಡು ಸಲ ಸಾಕು.

ಯಾವಾಗ ಏನು ಮಾಡುವುದೆಂದು ಸುರಿಯುವ ಮೊದಲೇ ಬರೆದು ಸಹಿ ಹಾಕಿಸಿ. ನಾನು ಶಿಫಾರಸು ಮಾಡುವ ಮಿತಿಗಳು ಇವು. ಮಳೆಗಾಲ ಕಳೆದು ಫೆಬ್ರವರಿಗೂ ಸುರಿದ ಮರಳಿನ ಅರ್ಧ ಮಾತ್ರ ಆ ಗೆರೆಗಳಲ್ಲಿ, ನೀರಿನಡಿಯದೂ ಸೇರಿ, ಉಳಿದಿದ್ದರೆ ಮರುಪೂರಣದ ಯೋಚನೆ. ಅರ್ಧ ಮೀಟರಿಗಿಂತ ಎತ್ತರದ ಕಡಿದ ಮೆಟ್ಟಿಲು ಎದ್ದರೆ ಆಮೆ ಬರುವ ಮುನ್ನ ಇಳಿಜಾರು ಮಾಡುವುದು. ಪಕ್ಕದ ದಂಡೆ ಎರಡು ಋತು ಸತತ ಇಳಿದರೆ ಕೆಲಸ ನಿಲ್ಲಿಸಿ ಕಾರಣ ಹುಡುಕುವುದು.

ಅಪಾಯದ ಸೂಚನೆಗಳು

ತಿಂಗಳ ಅಳತೆಗೆ ಕಾಯದೆ ಅಂದೇ ತಿಳಿಸಬೇಕಾದ ಕೆಲವಿವೆ. ದಿಬ್ಬದ ಬುಡ ಕಡಿದು ಗಾಳಿಮರದ ಬೇರು ಹೊರಗೆ ಬಂದರೆ. ಮರಳಿನಡಿಯ ಕಪ್ಪು ಕೆಸರು ಅಥವಾ ಹಳೆಯ ಕಲ್ಲು ದಂಡೆಯಲ್ಲಿ ಕಾಣಿಸಿಕೊಂಡರೆ. ಇರುವ ಕಲ್ಲುಗೋಡೆಯ ತುದಿ ದಾಟಿದ ಕೂಡಲೇ ದಂಡೆ ಅರ್ಧಚಂದ್ರದಂತೆ ಒಳಗೆ ಬಾಗಿದರೆ, ಅಲ್ಲಿ ಗೋಡೆಯೇ ಪಕ್ಕದ ಜಾಗವನ್ನು ಕೊರೆಯುತ್ತಿದೆ, ಇನ್ನಷ್ಟು ಉದ್ದ ಮಾಡಿದರೆ ಬಾಗು ಮುಂದಿನ ಮನೆಗೆ ಸರಿಯುತ್ತದೆ. ಬಾವಿಯ ನೀರು ಉಪ್ಪಾದರೆ ಅದನ್ನೂ ಬರೆಯಿರಿ.

ಹಂತ 10: ನೋಟ್‌ಬುಕ್ಕನ್ನು ಕಾಯುವುದು

ಪ್ರತಿ ಪುಟದಲ್ಲಿ ತಾರೀಖು, ತಿಥಿ, ಇಳಿತದ ಹೊತ್ತು ಮತ್ತು ಎತ್ತರ, ಅಳೆದವರ ಹೆಸರು, ಗೆರೆಯ ಸಂಖ್ಯೆ, ಅಲೆ-ಗಾಳಿಯ ಸ್ಥಿತಿ. ಕಚ್ಚಾ ಓದುಗಳನ್ನು ಅಳಿಸಬೇಡಿ, ತಪ್ಪಾದರೆ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಅಂದೇ ಸಂಜೆ ಪುಟದ ಫೋಟೊ ತೆಗೆದು ಮೂವರ ಫೋನಿಗೆ ಕಳಿಸಿ. ವಿದ್ಯಾರ್ಥಿಗಳು ಅಳೆಯುವ ಕಡೆ ಮೂರನೆಯ ವರ್ಷಕ್ಕೆ ಇಡೀ ತಂಡ ಬದಲಾಗುತ್ತದೆ. ಹೋಗುವವರು ಹೊಸಬರೊಂದಿಗೆ ಕನಿಷ್ಠ ಎರಡು ಅಳತೆ ಜೊತೆಯಲ್ಲೇ ನಡೆದು, ಪ್ರತಿ ಮೊಳೆಯನ್ನೂ ಕೈಯಿಂದ ಮುಟ್ಟಿ ತೋರಿಸಬೇಕು. ಮೊಳೆಗಳಿಗೆ ಪ್ರತಿ ಮೇನಲ್ಲಿ ಹೊಸ ಬಣ್ಣ ಬಳಿಯಿರಿ. ತುಕ್ಕು ಹಿಡಿದದ್ದನ್ನು ಕಿತ್ತು ಬದಲಿಸುವ ಮೊದಲು, ಅದರ ಪಕ್ಕದಲ್ಲೇ ಹೊಸದನ್ನು ಹೊಡೆದು, ಎರಡರ ಎತ್ತರದ ವ್ಯತ್ಯಾಸವನ್ನು ನೀರಿನ ಪೈಪಿನಲ್ಲಿ ಅಳೆದು ಬರೆದುಕೊಳ್ಳಿ.